ಮುಂಪಾಲು, ಹಿಂಪಾಲು

ಯಾವ ಪುಸ್ತಕ ಕೈಗೆ ಕೊಟ್ಟರೂ ಮಧ್ಯದಿಂದ ತೆರೆಯುವುದು ನನ್ನ ಹಳೆಯ ಚಾಳಿ. ಪಂಚಾಂಗ ಇರಲಿ, ಮದುವೆ ಮನೆಯ ಮೂಲೆಯಲ್ಲಿ ಸಿಕ್ಕ ವಾರಪತ್ರಿಕೆ ಇರಲಿ, ಹೊಸ ಕುಕ್ಕರಿನ ಜೊತೆ ಬಂದ ಕೈಪಿಡಿಯೇ ಇರಲಿ, ಹೆಬ್ಬೆರಳು ತಾನಾಗಿ ಹೋಗಿ ನಡುವಿನಲ್ಲಿ ನಿಲ್ಲುತ್ತದೆ. ನಮ್ಮನೆಯವರು ನೋಡಿ ನೋಡಿ ಬೇಸತ್ತಿದ್ದಾರೆ. "ಊಟಕ್ಕೆ ಕೂತ್ರೂ ನೀನು ಮಜ್ಜಿಗಿ ಅನ್ನದಿಂದ ಶುರು ಮಾಡೋಳೇ ಬಿಡು" ಎಂದು ನೆಂಟರ ಮುಂದೆ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಈ ಚಾಳಿಯ ಹಿಂದೆ ಒಬ್ಬ ಹೆಂಗಸಿದ್ದಾಳೆ ಎಂಬುದು ಅವರಿಗೂ ಗೊತ್ತು. ಆಕೆಯ ಹೆಸರು ಎತ್ತಿದರೆ ನಾನು ಎರಡು ದಿನ ಮಾತು ಬಿಡುತ್ತೇನೆಂದು ಸುಮ್ಮನಿರುತ್ತಾರೆ.

ಈಚೆಗೆ ನನ್ನ ಹೆಬ್ಬೆರಳಿಗೆ ಕೆಲಸ ತಪ್ಪಿದೆ. ಕೈಯಲ್ಲಿರುವುದು ಪುಸ್ತಕವಲ್ಲ, ಇ-ರೀಡರ್. ನಾವು ಶಾಲೆಗೆ ಒಯ್ಯುತ್ತಿದ್ದ ಸಲೇಟಿನಷ್ಟೇ ಅಗಲ, ಅದಕ್ಕಿಂತ ತೆಳು. ಬಣ್ಣವಿಲ್ಲ, ಸದ್ದಿಲ್ಲ. ಅದರಲ್ಲಿ ಹಾಡು ಬರುವುದಿಲ್ಲ, ಸಿನಿಮಾ ಬರುವುದಿಲ್ಲ, ಯಾರ ಫೋನೂ ಬರುವುದಿಲ್ಲ. ಓದಿಸುವುದೊಂದು ಬಿಟ್ಟರೆ ಮತ್ತೊಂದು ಕೆಲಸಕ್ಕೆ ಬಾರದ ವಸ್ತು. ಆ ಮಟ್ಟಿಗೆ ನನಗೂ ಅದಕ್ಕೂ ಚೆನ್ನಾಗಿಯೇ ಹೊಂದಿಕೊಂಡಿದೆ.

ನಾನಾಗಿ ಅಂಗಡಿಗೆ ಹೋಗಿ ಕೊಳ್ಳುವಷ್ಟು ಧೈರ್ಯದವಳಲ್ಲ. ನಮ್ಮ ಕಡೆ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಎದ್ದವಲ್ಲ, ಆ ಕಾಲಕ್ಕೆ ಒಬ್ಬ ಇಂಜಿನಿಯರು ಚಳ್ಳಕೆರೆಯ ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ. ಅವನಿಗೆ ಗುಜರಾತಿನ ಕಡೆಗೆ ವರ್ಗವಾಯಿತು. ಹೊಸದೊಂದು ತರಿಸಿಕೊಂಡಿದ್ದನಂತೆ, ಹಳೆಯದನ್ನು ನನಗೆ ಅಗ್ಗಕ್ಕೆ ಕೊಟ್ಟುಹೋದ. "ಕನ್ನಡ ಅಕ್ಷರ ಇದಕ್ಕೆ ಬರಲ್ಲ ಆಂಟಿ, ಬರೀ ಚೌಕ ಚೌಕ ತೋರಿಸುತ್ತೆ. ಆದ್ರೆ ಪುಟದ ಫೋಟೋ ಹಾಕಿದ್ರೆ ತೋರಿಸುತ್ತೆ" ಎಂದು, ಯಾರೋ ಪುಣ್ಯಾತ್ಮರು ಹಳೆಯ ಲೈಬ್ರರಿಗಳ ಪುಸ್ತಕಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿನಲ್ಲಿ ಹಾಕಿದ್ದನ್ನೆಲ್ಲ ಅದರೊಳಗೆ ತುಂಬಿಕೊಟ್ಟ. ಕಾದಂಬರಿಗಳು ರಾಶಿ ರಾಶಿ. ಹಲವಕ್ಕೆ ಹೆಸರೂ ಇಲ್ಲ, ಬರೀ ಅಂಕಿ. ಎಷ್ಟೋ ಪುಟಗಳ ಅಂಚಿನಲ್ಲಿ ಪುಸ್ತಕ ಹಿಡಿದವರ ಹೆಬ್ಬೆರಳೂ ಬಂದಿದೆ. ಮೊದಮೊದಲು ಆ ಬೆರಳು ಕಂಡಾಗ ಯಾರೋ ನನ್ನ ಜೊತೆಗೇ ಓದುತ್ತಿದ್ದಾರೆ ಅನ್ನಿಸಿ ಕಸಿವಿಸಿಯಾಗುತ್ತಿತ್ತು.

ಅಗ್ಗದ ಓದು ಎಂದು ಬಾಯಿಬಿಟ್ಟು ಹೇಳಲು ನನಗೇನೂ ನಾಚಿಕೆಯಿಲ್ಲ. ಚಳ್ಳಕೆರೆಯಲ್ಲಿ ಈಗ ಪುಸ್ತಕದಂಗಡಿ ಅಂದರೆ ಗೈಡು, ನೋಟ್‌ಬುಕ್ಕು, ಪರೀಕ್ಷೆಗೆ ಬರೆಯುವ ಪ್ಯಾಡು. ಅಪರೂಪಕ್ಕೊಂದು ಕಾದಂಬರಿ ಕಂಡರೆ ಅದರ ಬೆಲೆಗೆ ವಾರದ ತರಕಾರಿ ಬರುತ್ತದೆ. ಹಬ್ಬಕ್ಕೆ ಸೀರೆ ಕೊಂಡಂತೆ ವರ್ಷಕ್ಕೊಂದು ಪುಸ್ತಕ ಕೊಳ್ಳುವವರಿಗೆ ಅದು ಸರಿ. ನನ್ನದು ದಿನಾ ಮುದ್ದೆ ಉಂಡ ಹಾಗೆ ದಿನಾ ಓದುವ ಹೊಟ್ಟೆ. ಹಾಗಾಗಿ ಈ ಸಲೇಟು ನನ್ನ ಪಾಲಿಗೆ ಬಂದದ್ದು ಒಳ್ಳೆಯದೇ ಆಯಿತು ಎಂದುಕೊಂಡಿದ್ದೆ. ಒಂದೇ ತಕರಾರು. ಇದರ ಮಧ್ಯ ಎಲ್ಲಿದೆ ಎಂದು ಬೆರಳಿಗೆ ತಿಳಿಯುವುದಿಲ್ಲ. ಪುಟದ ಸಂಖ್ಯೆ ಒತ್ತಿ ಹೋಗಬೇಕು. ಇನ್ನು, ಇದನ್ನು ಸೀಳಲಿಕ್ಕೆ ಬರುವುದಿಲ್ಲ.

ಸೀಳುವ ಮಾತು ಎಲ್ಲಿಂದ ಬಂತು ಎನ್ನುತ್ತೀರಿ. ಹೇಳುತ್ತೇನೆ, ಆದರೆ ಸ್ವಲ್ಪ ಸುತ್ತಿ ಬರಬೇಕು.

ನಮ್ಮಪ್ಪ ಚಳ್ಳಕೆರೆಯ ಮಂಡಿಯಲ್ಲಿ ಶೇಂಗಾ ಚೀಲಗಳ ಬಾಯಿ ಹೊಲಿಯುತ್ತಿದ್ದ. ಅವನ ಕೈಬೆರಳಷ್ಟು ಉದ್ದದ ದಬ್ಬಳ, ಅದಕ್ಕೆ ಪೋಣಿಸಿದ ಗೋಣಿ ದಾರ, ಇವೇ ನಮ್ಮ ಮನೆಯ ಆಸ್ತಿ. ರಜೆಯಲ್ಲಿ ನಾನೂ ಹೋಗಿ ಕೂತು ಹೊಲಿಗೆ ಕಲಿತೆ. ಊರು ತುಂಬ ಎಣ್ಣೆ ಗಾಣಗಳ ವಾಸನೆ; ತಲೆಗೆ ಎಣ್ಣೆ ಹಚ್ಚದಿದ್ದರೂ ಕೂದಲು ಜಿಡ್ಡಾಗುತ್ತಿತ್ತು. ಸಂಜೆ ಅಪ್ಪ ಬರುವಾಗ ಹುರಿದ ಶೇಂಗಾ ಕಟ್ಟಿಸಿಕೊಂಡು ಬರುತ್ತಿದ್ದ. ತಮ್ಮಂದಿರಿಗೆ ಶೇಂಗಾ, ನನಗೆ ಕಟ್ಟಿದ ಕಾಗದ. ಅದು ಯಾವುದೋ ಕಥೆಯ ಪುಟವಾಗಿರುತ್ತಿತ್ತು, ತಲೆಯೂ ಇಲ್ಲ, ಬಾಲವೂ ಇಲ್ಲ. ಓದು ಬಾರದ ಅವ್ವ ಒಲೆ ಮುಂದೆ ಕೂತು, "ಏನ್ ಬರ್ದೈತೆ ಓದೇ" ಎನ್ನುತ್ತಿದ್ದಳು. ಓದಿ ಮುಗಿಸಿದರೆ "ಆಮೇಲೆ?" ಎನ್ನುತ್ತಿದ್ದಳು. ಆಮೇಲಿನದು ಇನ್ಯಾರದೋ ಮನೆಯಲ್ಲಿ ಶೇಂಗಾ ಸಿಪ್ಪೆಯ ಜೊತೆ ತಿಪ್ಪೆ ಸೇರಿರುತ್ತಿತ್ತು. ನಾನು ಬಾಯಿಗೆ ಬಂದದ್ದು ಕಟ್ಟಿ ಹೇಳುತ್ತಿದ್ದೆ. ಅವ್ವ ನನ್ನ ಮುಖ ನೋಡಿ, "ಸುಳ್ಳು ಹೇಳ್ತೀಯ. ನಿನ್ ಮಕದಾಗೇ ಐತೆ" ಎಂದು ಮುದ್ದೆ ತಿರುವಲು ಶುರು ಮಾಡುತ್ತಿದ್ದಳು. ನನ್ನ ಮುಖದ ಬಗ್ಗೆ ನಾನು ಕೇಳಿದ ಮೊದಲ ಮಾತು ಅದು. ಚೆಂದದ ಬಗ್ಗೆ ಯಾರೂ ಏನೂ ಹೇಳಿದ್ದಿಲ್ಲ.

ಟೈಪಿಂಗ್ ಪಾಸು ಮಾಡಿ ಮೊಳಕಾಲ್ಮೂರಿನ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆದೆ. ಮನೆ ಚಳ್ಳಕೆರೆಯಲ್ಲಿ, ಕೆಲಸ ಮೊಳಕಾಲ್ಮೂರಿನಲ್ಲಿ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ತಳಕು, ಹಿರೇಹಳ್ಳಿ, ಬಿ.ಜಿ. ಕೆರೆ, ಹಾನಗಲ್. ಕಿಟಕಿಯಾಚೆ ಕಲ್ಲುಬಂಡೆ, ಜಾಲಿ, ಕುರಿಮಂದೆ, ಮತ್ತೆ ಕಲ್ಲುಬಂಡೆ. ಒಂದು ವಾರ ನೋಡಿದರೆ ಜನ್ಮಕ್ಕೆ ಸಾಕು. ಅಲ್ಲಿಂದ ಮುಂದೆ ಓದದೆ ಗತಿಯಿಲ್ಲ.

ಆ ಬಸ್ಸಿನಲ್ಲಿ ಸಿಕ್ಕವಳು ಗಿರಿಜಕ್ಕ. ಬಿ.ಜಿ. ಕೆರೆಯ ಆಸ್ಪತ್ರೆಯಲ್ಲಿ ನರ್ಸು. ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವಳು. ಕುಂಕುಮ ದೊಡ್ಡದು, ಗಂಟಲು ಇನ್ನೂ ದೊಡ್ಡದು. ಸೀಟು ಬಿಡದ ಗಂಡಸರಿಗೆ, "ಏನಣ್ಣಾ, ಹೆರಿಗಿ ಆಗೈತಾ? ಎದ್ದೇಳಕ್ಕೆ ಆಗಲ್ವಾ?" ಎಂದು ಬಸ್ಸಿಗೆಲ್ಲ ಕೇಳುವಂತೆ ವಿಚಾರಿಸುತ್ತಿದ್ದಳು. ಗಂಡ ಶಿವಣ್ಣ ಮಾಸ್ತರು ಬಲು ಮೆತ್ತಗಿನ ಮನುಷ್ಯ. ಮಕ್ಕಳಿರಲಿಲ್ಲ. ಊರಿನ ಅರ್ಧ ಮಕ್ಕಳನ್ನು ತಾನೇ ಕೈಯಾರೆ ಭೂಮಿಗೆ ಇಳಿಸಿಕೊಂಡವಳು, ತನಗಿಲ್ಲ ಎಂದು ಎಂದೂ ಬಾಯಿಬಿಟ್ಟು ಕೊರಗಲಿಲ್ಲ. ಕಾದಂಬರಿಗಳಲ್ಲಿ ಹೆರಿಗೆ ಬಂದರೆ ಮಾತ್ರ ಸಿಟ್ಟಾಗುತ್ತಿದ್ದಳು. "ಈ ಬರ್ಯೋರು ಒಂದ್ ಹೆರಿಗೀನಾದ್ರೂ ನೋಡ್ಯಾರೇನೇ? ಒಂದ್ ಸಲ ಕಿರುಚಿದ್ಲಂತೆ, ಆಗೋಯ್ತಂತೆ."

ನಮ್ಮ ಪುಸ್ತಕಗಳೆಲ್ಲ ಬರುತ್ತಿದ್ದುದು ಚಳ್ಳಕೆರೆ ಬಸ್ ನಿಲ್ದಾಣದ ಹಿಂದೆ ಬಾಷಾ ಸಾಬರು ಇಟ್ಟಿದ್ದ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ. ಲೈಬ್ರರಿ ಎಂದರೆ ಒಬ್ಬ ಮನುಷ್ಯ ಅಡ್ಡ ನಿಂತರೆ ತುಂಬಿಹೋಗುವ ಗೂಡು. ದಿನದ ಬಾಡಿಗೆ. ಎರಡನೇ ದಿನಕ್ಕೆ ಇಟ್ಟುಕೊಂಡರೆ ಮತ್ತೊಂದು ದಿನದ ದುಡ್ಡು. ದಿನಾ ಒಂದೊಂದು ಒಯ್ಯುವವರಿಗೆ ಅದೂ ಭಾರವೇ. ಇಬ್ಬರೂ ಸೇರಿ ಒಂದು ಪುಸ್ತಕ ತಂದರೆ ಬಾಡಿಗೆ ಅರ್ಧವಾಗುತ್ತಿತ್ತು, ಆದರೆ ಒಂದೇ ದಿನದಲ್ಲಿ ಇಬ್ಬರೂ ಓದಿ ಮುಗಿಸುವುದು ಹೇಗೆ? ಉಪಾಯ ತೆಗೆದವಳು ನಾನು. ಚೀಲ ಹೊಲಿಯುವವನ ಮಗಳಲ್ಲವೇ? ಹೊಲಿದದ್ದನ್ನು ಬಿಚ್ಚಬಹುದು, ಬಿಚ್ಚಿದ್ದನ್ನು ಹೊಲಿಯಬಹುದು ಎಂಬುದು ನಮ್ಮ ಮನೆಯ ಶಾಸ್ತ್ರ.

ಬಸ್ಸು ಊರು ಬಿಡುವ ಮೊದಲೇ ಬ್ಲೇಡಿನಿಂದ ಪುಸ್ತಕದ ಬೆನ್ನು ಬಿಡಿಸಿ, ನಡುವಿಗೆ ಸರಿಯಾಗಿ ಎರಡು ಪಾಲು ಮಾಡುತ್ತಿದ್ದೆ. ಮುಂಪಾಲು ಒಬ್ಬಳಿಗೆ, ಹಿಂಪಾಲು ಇನ್ನೊಬ್ಬಳಿಗೆ. ಗಿರಿಜಕ್ಕ ಬಿ.ಜಿ. ಕೆರೆಯಲ್ಲಿ ಇಳಿಯುವಾಗ ತನ್ನ ಪಾಲನ್ನು ವ್ಯಾನಿಟಿ ಬ್ಯಾಗಿನಲ್ಲಿ ಒಯ್ಯುತ್ತಿದ್ದಳು. ಸಂಜೆ ಅಲ್ಲೇ ಹತ್ತಿದ ಕೂಡಲೇ ಅದಲುಬದಲು. ಚಳ್ಳಕೆರೆಗೆ ಬರುವಷ್ಟರಲ್ಲಿ ಇಬ್ಬರದೂ ಮುಗಿಯಬೇಕು. ಮುಗಿಯದಿದ್ದರೆ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕೂತು ಮುಗಿಸಬೇಕು. ಆಮೇಲೆ ನಾನು ಚೀಲದಿಂದ ಅಪ್ಪನ ದಬ್ಬಳ ತೆಗೆದು, ಗೋಣಿ ದಾರದಲ್ಲಿ ನಾಲ್ಕು ಹೊಲಿಗೆ ಹಾಕಿ, ಬಾಷಾ ಸಾಬರಿಗೆ ಒಪ್ಪಿಸುತ್ತಿದ್ದೆ. ಅವರಿಗೆ ಗೊತ್ತಾಗದೆ ಇರಲು ಕುರುಡರೇ? ಒಂದು ದಿನ ಪುಸ್ತಕ ತಿರುಗಿಸಿ ತಿರುಗಿಸಿ ನೋಡಿ, "ಅಮ್ಮಾ, ನೀವು ಒಯ್ಯಾಗ ಕಿತಾಬು ಒಂದು, ಓದಾಗ ಎರಡು, ತರಾಗ ಮತ್ತೆ ಒಂದು. ಜಾದೂ ಐತಲ್ಲ ನಿಮ್ ಕೈಯಾಗೆ!" ಎಂದರು. ನನ್ನ ಮುಖ ಶೇಂಗಾ ಹುರಿಯುವ ಬಾಣಲೆಯಷ್ಟು ಬಿಸಿಯಾಯಿತು. ಅವರು ಮಾತ್ರ ನಗುತ್ತಾ, "ಹೊಲಿಗಿ ಮಜಬೂತಾಗೈತೆ, ಹಿಂಗೇ ಹಾಕ್ರಿ" ಎಂದು ಬೆನ್ನು ಹೋದ ಬೇರೆ ಪುಸ್ತಕಗಳನ್ನೂ ನನಗೇ ಕೊಡಲು ಶುರು ಮಾಡಿದರು.

ನಿಮಗೀಗ ಅರ್ಥವಾಗಿರಬೇಕು. ಬೆಳಿಗ್ಗೆ ಹಿಂಪಾಲು ಬಂದವಳು ಕಥೆಯನ್ನು ನಡುವಿನಿಂದ ಓದಿ, ಕೊನೆ ಮುಗಿಸಿ, ಸಂಜೆಗೆ ಮೊದಲಿಗೆ ಬರಬೇಕು. ನಾಯಕಿ ವಿಧವೆಯಾದದ್ದು ಮೊದಲು, ಮದುವೆಯಾದದ್ದು ಆಮೇಲೆ. ಸತ್ತ ಅಜ್ಜ ಸಂಜೆಯ ಬಸ್ಸಿನಲ್ಲಿ ಎದ್ದು ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಒಂದು ದಿನ ನನಗೆ ಹಿಂಪಾಲು, ಮರುದಿನ ಅವಳಿಗೆ. ಪಾಳಿ ತಪ್ಪುವಂತಿರಲಿಲ್ಲ. ಕಟ್ಟುನಿಟ್ಟಾದ ನಿಯಮ ಇನ್ನೊಂದಿತ್ತು: ಹಿಂಪಾಲು ಓದಿದವಳು ಬಾಯಿ ಬಿಡಬಾರದು. ಮುಂಪಾಲು ಹಿಡಿದವಳು ಎಷ್ಟೇ ಕಾಡಿದರೂ, ಬೇಡಿದರೂ, ಆಣೆ ಇಟ್ಟರೂ ಕೊನೆ ಹೇಳುವಂತಿಲ್ಲ.

ಬಾಯಿ ನಾನೂ ಬಿಟ್ಟವಳಲ್ಲ. ಮುಖವನ್ನು ಏನು ಮಾಡಲಿ? ಸಂಜೆ ಬಿ.ಜಿ. ಕೆರೆಯಲ್ಲಿ ಗಿರಿಜಕ್ಕ ಹತ್ತಿ, ನನ್ನ ಪಕ್ಕ ಕೂತು, ಒಂದು ಸಲ ಮುಖ ನೋಡುತ್ತಿದ್ದಳು, ಅಷ್ಟೇ. "ಸತ್ಲಾ! ಅಯ್ಯೋ, ಈ ಮುಂಡೇದು ಮಕದಾಗೇ ಎಲ್ಲ ಒದರಿಬಿಡ್ತೈತೆ" ಎಂದು ನನ್ನ ತೊಡೆಗೆ ಗುದ್ದುತ್ತಿದ್ದಳು. ಮುಖ ತಿರುಗಿಸಿಕೊಂಡರೆ "ಕಿವಿ ನೋಡಿದ್ರೂ ಗೊತ್ತಾಗ್ತದೆ" ಎನ್ನುತ್ತಿದ್ದಳು. ಅವಳಾದರೂ ಹಾಗೇ ಎಂದು ನಾನು ತಿಳಿದಿದ್ದೆ. ಹಿಂಪಾಲು ಅವಳದಾದ ದಿನ ಬಾಯಿ ತುಂಬ ನಗುತ್ತಾ ಹತ್ತಿದರೆ ಕಥೆ ಸುಖಾಂತ, ಸೆರಗಿನಲ್ಲಿ ಕಣ್ಣು ಒರೆಸಿಕೊಂಡರೆ ಇಲ್ಲ. ನಾನು ಓದಿಕೊಳ್ಳುತ್ತಿದ್ದೆ, ಅವಳು ಓದಗೊಡುತ್ತಿದ್ದಳು.

ವರ್ಷಗಳು ಹೀಗೇ ಹೋದವು. ನನಗೆ ಮದುವೆಯಾಯಿತು, ಮಗಳಾದಳು. ಆ ಹೆರಿಗೆಯನ್ನೂ ಗಿರಿಜಕ್ಕನೇ ರಜೆ ಹಾಕಿ ಬಂದು ನೋಡಿಕೊಂಡಳು. ಊರಲ್ಲಿ ಮನೆಮನೆಗೂ ಕೇಬಲ್ಲು ಬಂತು. ಬಾಷಾ ಸಾಬರು ಲೈಬ್ರರಿಯ ಅರ್ಧ ಗೂಡಿನಲ್ಲಿ ಕ್ಯಾಸೆಟ್ಟು ಇಟ್ಟರು. ನಾವಿಬ್ಬರೂ ಮಾತ್ರ ಸೀಳುತ್ತಲೇ ಇದ್ದೆವು.

ಒಂದು ಬೇಸಿಗೆ ಗಿರಿಜಕ್ಕನ ಮೈ ಇಳಿಯುತ್ತಾ ಹೋಯಿತು. ಕುಪ್ಪಸದ ತೋಳು ಜೋಲಾಡತೊಡಗಿತು. "ಬಿಸಿಲಿಗೆ ಒಣಗ್ತಿದೀನಿ ಕಣೇ, ಮೆಣಸಿನಕಾಯಿ ಹಂಗೆ" ಎನ್ನುತ್ತಿದ್ದಳು. ದಾವಣಗೆರೆಗೆ ಹೋಗಿ ತೋರಿಸಿಕೊಂಡು ಬಂದರು. ಅದಾದ ಒಂದು ಮಧ್ಯಾಹ್ನ ಶಿವಣ್ಣ ಮಾಸ್ತರು ಮೊಳಕಾಲ್ಮೂರಿಗೆ ನನ್ನ ಕಚೇರಿಯ ತನಕ ಬಂದರು. ಅವರನ್ನು ನಾನು ಅಲ್ಲಿ ಎಂದೂ ಕಂಡವಳಲ್ಲ. ಹೊರಗೆ ಬೇವಿನ ಮರದ ಕೆಳಗೆ ಕರೆದು ನಿಲ್ಲಿಸಿದರು. ಬೀದಿಯ ಮನೆಗಳೊಳಗಿಂದ ಮಗ್ಗಗಳು ಲಟಪಟ ಎನ್ನುತ್ತಿದ್ದವು. ಆ ಸದ್ದಿನಲ್ಲಿ ಅವರ ಮಾತು ಅರ್ಧ ಕೇಳಿಸಲಿಲ್ಲ, ಅರ್ಧ ಕೇಳಿಸಿದ್ದೇ ಸಾಕಾಯಿತು. ಹೊಟ್ಟೆಯಲ್ಲಿ ಗಡ್ಡೆ. ಹರಡಿಬಿಟ್ಟಿದೆ. ಡಾಕ್ಟರು ಕೈಚೆಲ್ಲಿದ್ದಾರೆ.

"ಅವ್ಳಿಗೆ ಅಲ್ಸರ್ ಅಂತ ಹೇಳೀವಿ ಕಣಮ್ಮ" ಎಂದರು ಮಾಸ್ತರು. "ರಿಪೋರ್ಟು ನನ್ ಹತ್ರನೇ ಐತೆ. ನೀನು ದಿನಾ ಜೊತೇಲಿ ಇರೋಳು. ಏನೂ ಗೊತ್ತಿಲ್ದಂಗೆ ಇರಮ್ಮ. ನಗ್ತಾ ಇರು. ಅವ್ಳು ಇರೋವಷ್ಟು ದಿನ ನಗ್ತಾ ಇರ್ಲಿ."

ಯಾರ ಹತ್ತಿರ ಬಂದು ಏನು ಬೇಡಿದರು ನೋಡಿ ಮಾಸ್ತರು! ಊರಲ್ಲಿ ಇನ್ನಾರೂ ಸಿಗಲಿಲ್ಲವೇ? ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂತು. ಆಗಲಿ ಎಂದು ತಲೆಯಾಡಿಸಿದೆ. ಆ ಸಂಜೆ ಗಿರಿಜಕ್ಕನ ಕಣ್ಣಿಗೆ ಬೀಳಬಾರದೆಂದು ಬೇರೆ ಬಸ್ಸಿಗೆ ಬಂದೆ; ಪುಣ್ಯಕ್ಕೆ ಅಂದು ಬಾಷಾ ಸಾಬರ ಗೂಡಿಗೆ ರಜೆ, ಬದಲಿಸಬೇಕಾದ ಪುಸ್ತಕವಿರಲಿಲ್ಲ. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ನಗುವುದನ್ನು ಅಭ್ಯಾಸ ಮಾಡಿದೆ. ನಗು ಬಂತು. ನಾಟಕದ ಪಾತ್ರಧಾರಿಯಷ್ಟು ಚೆನ್ನಾಗಿಯೇ ಬಂತು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಗಿರಿಜಕ್ಕ ನನಗಾಗಿ ಸೀಟು ಹಿಡಿದು ಕೂತಿದ್ದಳು. ನಾನು ನಗುತ್ತಲೇ ಹತ್ತಿದೆ. ಕಂಡಕ್ಟರಿಗೂ ನಕ್ಕೆ, ಅವನಿಗೇ ಗಾಬರಿಯಾಯಿತು. ಪಕ್ಕ ಕೂತು ಮಗಳ ತುಂಟತನ, ಹಾಲಿನವಳ ಜಗಳ, ಏನೇನೋ ಹೇಳಿದೆ. ತಳಕು ದಾಟಿದ ಮೇಲೆ ಗಿರಿಜಕ್ಕ ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ವಿಮಲಾ, ಹಿಂಪಾಲು ಓದ್ಕಂಡು ಬಂದಿದೀಯ."

"ಯಾವ್ದಕ್ಕಾ? ಇವತ್ತಿನ ಪುಸ್ತಕ ಇನ್ನೂ ಸೀಳೇ ಇಲ್ವಲ್ಲ" ಎಂದೆ.

"ನಂದು" ಎಂದಳು.

ಅವಳು ನನ್ನ ಗಲ್ಲ ಬಿಟ್ಟು, ಕಿಟಕಿಯ ಹೊರಗೆ ನೋಡುತ್ತಾ, "ಅಲ್ಸರ್‌ಗೆ ಇಷ್ಟು ಇಳಿಯಲ್ಲ ಅಂತ ನಂಗೂ ಗೊತ್ತಿತ್ತು. ನರ್ಸ್ ಕೆಲ್ಸ ಸುಮ್ನೆ ಮಾಡಿಲ್ಲ. ಆದ್ರೂ ಒಂದು ಆಸೆ ಇರ್ತದೆ ನೋಡು, ತಪ್ಪಿದ್ರೂ ತಪ್ಪೀತು ಅಂತ. ನಿನ್ ಮಕ ನೋಡಿದ್ಮೇಲೆ ಅದೂ ಹೋಯ್ತು" ಎಂದಳು. ನಾನು ಅಳಲು ಶುರು ಮಾಡಿದೆ. "ಹುಚ್ಚಿ, ಅಳ್ಬೇಡ. ಮಾಸ್ತರಿಗೆ ಹೇಳ್ಬೇಡ, ನಂಗೆ ಗೊತ್ತು ಅಂತ. ಅವ್ರು ಅಲ್ಸರ್ ಅನ್ಕಂಡೇ ಗಂಜಿ ಮಾಡ್ಕೊಡ್ಲಿ" ಎಂದಳು. ಹಿರೇಹಳ್ಳಿಯಲ್ಲಿ ಬಸ್ಸು ನಿಂತಾಗ ಕಿಟಕಿಗೆ ಬಂದವಳ ಹತ್ತಿರ ಚೌಕಾಸಿ ಮಾಡಿ ಸೌತೆಕಾಯಿ ಕೊಂಡಳು. ನನಗೂ ಅರ್ಧ ಮುರಿದು ಕೊಟ್ಟಳು. ತಿಂದೆ.

ಕೆಲವು ತಿಂಗಳಲ್ಲೇ ಅವಳ ಬಸ್ಸಿನ ಓಡಾಟ ನಿಂತುಹೋಯಿತು. ಭಾನುವಾರಗಳಲ್ಲಿ ನಾನೇ ಅವಳ ಮನೆಗೆ ಪುಸ್ತಕ ಒಯ್ಯುತ್ತಿದ್ದೆ. ಕೊನೆಯದಾಗಿ ಒಯ್ದದ್ದಕ್ಕೆ ಹೆಸರೇ ಇರಲಿಲ್ಲ. ರಟ್ಟು, ಮೊದಲ ಹಾಳೆಗಳು ಯಾವಾಗಲೋ ಹರಿದುಹೋಗಿ, ಬಾಷಾ ಸಾಬರು ಹಳೆಯ ಕ್ಯಾಲೆಂಡರಿನ ಹಾಳೆ ಅಂಟಿಸಿದ್ದರು. ಮಂಚದ ಪಕ್ಕ ಕೂತು ಅವಳ ಕಣ್ಣೆದುರಿಗೇ ಬೆನ್ನು ಬಿಡಿಸಿದೆ. ಪಾಳಿಯ ಪ್ರಕಾರ ಹಿಂಪಾಲು ನನ್ನದು. ಅವಳು ಕೈ ಚಾಚಿದಳು.

"ಹಿಂದ್ಲುದು ಕೊಡು. ಮುಂದ್ಲುದು ಓದಕ್ಕೆ ನಂಗೆ ಪುರುಸೊತ್ತಿಲ್ಲ" ಎಂದು ನಕ್ಕಳು. ಹಾಗೆ ನಗುವವರನ್ನು ಹೊಡೆಯಬೇಕು ಅನ್ನಿಸಿತು.

ಆ ವಾರ ನಾನು ಬಸ್ಸಿನಲ್ಲಿ ಮುಂಪಾಲು ಓದಿದೆ. ಅಂಬುಜ ಎಂಬ ಹೆಣ್ಣುಮಗಳ ಕಥೆ. ತುಂಬಿದ ಮನೆಯ ಸೊಸೆ. ಎದೆರೋಗ ಹತ್ತುತ್ತದೆ. ಮನೆಯವರೆಲ್ಲ ದೂರ ನಿಲ್ಲುತ್ತಾರೆ. ಅತ್ತಿಗೆಯಂತೂ ಅವಳ ತಟ್ಟೆ ಲೋಟ ಬೇರೆ ಇಟ್ಟು, ಹೋದರೆ ಸಾಕು ಎನ್ನುವಂತೆ ನಡೆದುಕೊಳ್ಳುತ್ತಾಳೆ. ಕಡೆಗೆ ಅಂಬುಜ ತವರಿನ ಒಂದು ಕಬ್ಬಿಣದ ಟ್ರಂಕು ಹಿಡಿದುಕೊಂಡು ದೂರದ ಕ್ಷಯರೋಗದ ಆಸ್ಪತ್ರೆಗೆ ರೈಲು ಹತ್ತುತ್ತಾಳೆ. ಯಾಕೋ ಏನೋ ಸ್ಟೇಷನ್ನಿಗೆ ಬಂದ ಅತ್ತಿಗೆ, ರೈಲು ಹೊರಟಾಗ ಓಡುತ್ತಾ ಬಂದು, "ವಾಪಸ್ ಬಾರೇ, ಕಾಲಿಗೆ ನೀರು ನಾನೇ ಕೊಡ್ತೀನಿ" ಎಂದು ಕೂಗುತ್ತಾಳೆ. ಅಲ್ಲಿಗೆ ಮುಂಪಾಲು ಮುಗಿಯುತ್ತದೆ. ನಾನು ಎಂಥ ಜಾಗದಲ್ಲಿ ಬ್ಲೇಡು ಹಾಕಿದ್ದೆ ನೋಡಿ.

ಮುಂದಿನ ಭಾನುವಾರ ಹೋದಾಗ ಗಿರಿಜಕ್ಕ ದಿಂಬಿಗೆ ಒರಗಿ ಕೂತಿದ್ದಳು. ಕುಂಕುಮ ಇಟ್ಟುಕೊಂಡಿದ್ದಳು. ನಾನು ಮುಂಪಾಲು ಮುಂದೆ ಹಿಡಿದು, "ಅಕ್ಕಾ, ಬದಲ್ ಮಾಡನಾ?" ಎಂದೆ.

"ಬ್ಯಾಡ. ಇನ್ನೊಂದ್ ಸಲ ಓದ್ಬೇಕು, ಇದು ನನ್ ಹತ್ರನೇ ಇರ್ಲಿ" ಎಂದು ಹಾಸಿಗೆಯ ಅಡಿಗೆ ತಳ್ಳಿದಳು. "ಕೊನಿಗೆ ಏನಾಯ್ತು ಅಂತ ನಾನೇ ಹೇಳ್ತೀನಿ, ಕೇಳು."

"ಬಾಯಿ ಬಿಡಂಗಿಲ್ಲ ಅಂತ ನಿಯಮ ಐತಲ್ಲಕ್ಕಾ."

"ಇದೊಂದ್ ಸಲ ಬಿಡ್ತೀನಿ, ಯಾರ್ ಕೇಳ್ತಾರೆ?" ಎಂದಳು. "ಬರ್ತಾಳೆ ಕಣೇ ಅಂಬುಜ. ವಾಸಿಯಾಗಿ ಬರ್ತಾಳೆ. ಜಟಕಾದಾಗೆ ಬಂದು ಬಾಗ್ಲಾಗೆ ಟ್ರಂಕು ಇಳಿಸ್ತಾಳೆ. ಆ ಅತ್ತಿಗಿ ಒಳಗಿಂದ ತಂಬಿಗೆ ನೀರು ತಗಂಡು ಓಡಿ ಬರ್ತಾಳೆ. ಕಾಲಿಗೆ ಕೊಡ್ತಾಳೆ. ಅಲ್ಲಿಗೆ ಕಥೆ ಮುಗೀತು."

ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಇಷ್ಟು ವರ್ಷ ಓದಿಕೊಂಡ ಮುಖ. ಬತ್ತಿಹೋಗಿತ್ತು, ಆದರೆ ಸುಖಾಂತದ ದಿನ ಬಸ್ಸು ಹತ್ತುವಾಗಿನ ನಗು ಹಾಗೇ ಇತ್ತು. ಎಲ್ಲಿಯೂ ಸೆರಗು ಕಣ್ಣಿಗೆ ಹೋಗಲಿಲ್ಲ. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಕಾದಂಬರಿಯಲ್ಲಾದರೂ ಒಬ್ಬಳು ತಿರುಗಿ ಬಂದಳಲ್ಲ.

ಗಿರಿಜಕ್ಕ ಆ ತಿಂಗಳು ದಾಟಲಿಲ್ಲ. ಮಾಸ್ತರು ಮನೆ ಖಾಲಿ ಮಾಡಿ ತಮ್ಮ ಊರ ಕಡೆ ಹೋದರು. ಹಾಸಿಗೆಯಡಿಯ ಹಿಂಪಾಲು ಏನಾಯಿತೆಂದು ಕೇಳಲು ನನಗೆ ಬಾಯಿ ಬರಲಿಲ್ಲ. ಮುಂಪಾಲನ್ನಷ್ಟೇ ಹಿಡಿದುಕೊಂಡು ಹೋಗಿ ಬಾಷಾ ಸಾಬರ ಮುಂದೆ ನಿಂತಾಗ ಅವರು ಅದನ್ನು ನನ್ನ ಕೈಗೇ ತಿರುಗಿಸಿ ಇಟ್ಟು, "ಇಟ್ಕಳ್ರಿ ಅಮ್ಮಾ. ಅರ್ಧ ಕಿತಾಬು ಯಾರಿಗೆ ಬಾಡಿಗಿ ಕೊಡ್ಲಿ?" ಎಂದರು. ಕಣ್ಣು ಮಾತ್ರ ಮೇಲೆತ್ತಲಿಲ್ಲ. ಆ ಗೂಡೂ ಆಮೇಲೆ ಮೊಬೈಲ್ ರೀಚಾರ್ಜ್ ಅಂಗಡಿಯಾಯಿತು.

ನನ್ನ ಓದು ನಿಂತಿತೆಂದಲ್ಲ, ರುಚಿ ಕೆಟ್ಟಿತು. ಸಿಕ್ಕಿದ್ದನ್ನು ಓದಿದೆ, ಸಿಗದಿದ್ದರೆ ಕಿಟಕಿಯಾಚೆಯ ಕಲ್ಲುಬಂಡೆ ನೋಡಿದೆ. ಪಕ್ಕದ ಸೀಟಿನಲ್ಲಿ ಯಾರು ಯಾರೋ ಕೂತರು, ಇಳಿದರು. ತೀರಾ ಬೇಸರವಾದ ದಿನ ಅಂಬುಜಳನ್ನು ನೆನೆಸಿಕೊಳ್ಳುತ್ತಿದ್ದೆ. ಬಾಗಿಲಲ್ಲಿ ಟ್ರಂಕು, ಅತ್ತಿಗೆಯ ಕೈಯ ತಂಬಿಗೆ, ಒದ್ದೆಯಾದ ಪಾದಗಳು. ನಾನು ಓದದೆ ಇದ್ದ ಪುಟಗಳು ಓದಿದ್ದಕ್ಕಿಂತ ಚೆನ್ನಾಗಿ ನೆನಪಿದ್ದವು. ನನ್ನ ಅಪ್ಪ ಹೋದಾಗ, ಅವ್ವ ಹೋದಾಗ, ಆ ತಂಬಿಗೆ ನೀರು ನನ್ನನ್ನು ಹಿಡಿದು ನಿಲ್ಲಿಸಿದೆ ಎಂದರೆ ನೀವು ನಗಬಾರದು.

ಹೀಗಿರುವಾಗ ಈ ಸಲೇಟು ಬಂತು. ಮೊನ್ನೆ ಬೆಳಿಗ್ಗೆ ಬಸ್ಸಿನಲ್ಲಿ ಕೂತು, ಹೆಸರಿಲ್ಲದ ಅಂಕಿಗಳಲ್ಲಿ ಒಂದನ್ನು ಒತ್ತಿದೆ. ಹಳೆಯ ಚಾಳಿಯಂತೆ ಒಟ್ಟು ಪುಟದ ಅರ್ಧ ಲೆಕ್ಕ ಹಾಕಿ ಅಲ್ಲಿಗೇ ಹಾರಿದೆ. ಪುಟ ನಿಧಾನವಾಗಿ ಮೂಡಿತು. ಅಂಚಿನಲ್ಲಿ ಯಾರದೋ ಹೆಬ್ಬೆರಳು. ನಡುವೆ, ಹೊರಟ ರೈಲು. ಓಡುತ್ತಾ ಬಂದ ಅತ್ತಿಗೆ. "ವಾಪಸ್ ಬಾರೇ, ಕಾಲಿಗೆ ನೀರು ನಾನೇ ಕೊಡ್ತೀನಿ." ಮುಂದಿನ ಪುಟ ಒತ್ತಿದರೆ ಹೊಸ ಅಧ್ಯಾಯ ಶುರುವಾಗಿತ್ತು. ನಾನು ಎಂದೂ ನೋಡದಿದ್ದ ಪುಟ.

ಆ ದಿನ ಕಚೇರಿಯಲ್ಲಿ ನಾನು ಟೈಪು ಮಾಡಿದ್ದನ್ನು ಯಾರಾದರೂ ತೆಗೆದು ನೋಡಿದರೆ ನನ್ನ ಪಿಂಚಣಿ ಹೋಗುತ್ತದೆ. ಫೈಲಿನ ಮರೆಯಲ್ಲಿ ಓದಿದೆ, ಊಟದ ಡಬ್ಬಿ ತೆರೆಯದೆ ಓದಿದೆ. ಆಸ್ಪತ್ರೆಯ ಜನ, ಅಂಬುಜಳ ಕೆಮ್ಮು, ಊರಿನಿಂದ ಬಾರದ ಗಂಡ. ಸಂಜೆಯ ಬಸ್ಸು ಹತ್ತುವಾಗ ಕೊನೆಯ ಕೆಲವು ಪುಟ ಉಳಿದಿದ್ದವು. ಹಾನಗಲ್ಲಿನಲ್ಲಿ ಹೂವಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಹತ್ತಿ ಪಕ್ಕದಲ್ಲಿ ಕೂತಳು. ಬುಟ್ಟಿಯನ್ನು ಕಾಲ ಹತ್ತಿರ ಇಟ್ಟುಕೊಂಡು, ನನ್ನ ಕೈಯನ್ನೇ ನೋಡಿದಳು.

"ಅದೇನ್ರಕ್ಕಾ, ಸಲೇಟಾ?"

"ಪುಸ್ತಕ ಕಣಮ್ಮ. ಕಥೆ ಐತೆ ಇದ್ರಾಗೆ."

"ಓದಕ್ಕೆ ಬರಲ್ರಿ ನಂಗೆ. ಏನ್ ಕಥೆ, ಹೇಳ್ರಲ್ಲ. ತಳಕಿಗೆ ಇಳೀತೀನಿ, ಅಷ್ಟ್ರಾಗೆ ಹೇಳ್ರಿ."

ಒಲೆ ಮುಂದಿನ ಅವ್ವ ಕೇಳಿದ ಹಾಗೇ ಕೇಳಿದಳು. ಹೇಳಿದೆ. ಮದುವೆ, ಎದೆರೋಗ, ಬೇರೆ ಇಟ್ಟ ತಟ್ಟೆ, ಟ್ರಂಕು, ರೈಲು, ಎಲ್ಲ ಹೇಳಿದೆ. ಆಕೆ ಕೆನ್ನೆಗೆ ಕೈ ಹಚ್ಚಿ ಕೇಳಿದಳು. ಅತ್ತಿಗೆಯನ್ನು "ಏಮಿ ಮನಿಷೋ" ಎಂದು ತೆಲುಗಿನಲ್ಲಿ ಬೈದಳು. ಬಿ.ಜಿ. ಕೆರೆಯಲ್ಲಿ ಬಸ್ಸು ನಿಂತಿತು. ನಾನು ಅಭ್ಯಾಸಬಲದಿಂದ ಬಾಗಿಲ ಕಡೆ ನೋಡಿದೆ. ಇಬ್ಬರು ಗಂಡಸರು ಹತ್ತಿದರು.

"ಆಮೇಲೆ?" ಎಂದಳು ಹೂವಿನವಳು. "ಬಂದ್ಲಾ ವಾಪಸ್ಸು?"

"ತಡಿ, ಓದ್ತಾ ಇದೀನಿ" ಎಂದೆ.

ಕೊನೆಯ ಪುಟ. ಜಟಕಾ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಟ್ರಂಕು ಇಳಿಯುತ್ತದೆ. ಚಕ್ರದ ಸದ್ದು ಕೇಳಿ ಅತ್ತಿಗೆ ಒಳಗಿಂದ ತಂಬಿಗೆ ನೀರು ಹಿಡಿದು ಓಡಿ ಬರುತ್ತಾಳೆ. ಜಟಕಾದಲ್ಲಿ ಮತ್ತಾರೂ ಇಲ್ಲ. ಆಸ್ಪತ್ರೆಯವರು ಟ್ರಂಕನ್ನಷ್ಟೇ ಕಳಿಸಿದ್ದಾರೆ. ಅತ್ತಿಗೆ ತಂಬಿಗೆ ಹಿಡಿದು ಹಾಗೇ ನಿಂತಿದ್ದಾಳೆ. ಅಲ್ಲಿಗೆ ಕಥೆ ಮುಗಿಯುತ್ತದೆ.

ಗಿರಿಜಕ್ಕ ಜಟಕಾ ಬದಲಾಯಿಸಿರಲಿಲ್ಲ, ಟ್ರಂಕು ಬದಲಾಯಿಸಿರಲಿಲ್ಲ, ತಂಬಿಗೆಯನ್ನೂ ಬದಲಾಯಿಸಿರಲಿಲ್ಲ. ಅಂಬುಜಳನ್ನು ಮಾತ್ರ ಕೈಹಿಡಿದು ತಂದು ಇಳಿಸಿದ್ದಳು. ಸಾಯುವುದಕ್ಕೆ ವಾರಗಳಿದ್ದಾಗ ಈ ಪುಟವನ್ನು ಒಬ್ಬಳೇ ಓದಿ, ಹಾಸಿಗೆಯಡಿಗೆ ತಳ್ಳಿ, ಕುಂಕುಮ ಇಟ್ಟುಕೊಂಡು ನನಗಾಗಿ ಕೂತಿದ್ದಳು. ಆ ಮುಖವನ್ನು ನಾನು ಓದಬಲ್ಲೆ ಎಂದುಕೊಂಡಿದ್ದೆನಲ್ಲ, ಎಂಥ ಪೆದ್ದಿ ನಾನು.

"ಹೇಳ್ರಕ್ಕಾ, ತಳಕು ಬಂತು" ಎಂದು ಹೂವಿನವಳು ಬುಟ್ಟಿ ಎತ್ತಿಕೊಂಡಳು. "ಬಂದ್ಲಾ?"

"ಬಂದ್ಲು ಕಣಮ್ಮ" ಎಂದೆ. "ವಾಸಿಯಾಗಿ ಬಂದ್ಲು. ಅತ್ತಿಗಿ ಓಡಿ ಬಂದು ಕಾಲಿಗೆ ನೀರು ಕೊಟ್ಲು."

ಆಕೆ ಏಳದೆ ನನ್ನ ಮುಖವನ್ನು ನೋಡಿದಳು. ನಾನು ನಗಲು ನೋಡಿದೆ. ಕಂಡಕ್ಟರು ಸೀಟಿ ಊದಿ ತಳಕು, ತಳಕು ಎಂದು ಕೂಗಿದ. ಬುಟ್ಟಿಯಿಂದ ಒಂದು ತುಂಡು ಮಲ್ಲಿಗೆ ಹರಿದು ನನ್ನ ತೊಡೆಯ ಮೇಲಿಟ್ಟು, "ಹೋಗ್ಲಿ ಬಿಡ್ರಕ್ಕಾ, ಅಳ್ಬ್ಯಾಡ್ರಿ" ಎಂದು ಇಳಿದುಹೋದಳು.